ಹುಡೇದ ಹಾವಗೆಪ್ಪ

ಔರಾದದಿಂದ ಚಿಂತಾಕಿಗೆ ಹೋಗುವ ಗಾಡಿದಾರಿಯಲ್ಲಿ ಬಲಕ್ಕೆ ಒಂದು ಕವಲು ಒಡೆಯುತ್ತಿತ್ತು. ಆ ಕವಲು ಹಿಡಿಯುವವರು ಎರಡೇ ತರದವರು: ಬಸರವಾಡಿಯವರು, ಇಲ್ಲವೆ ದಾರಿ ತಪ್ಪಿದವರು. ದಾರಿ ತಪ್ಪಿದವರಿಗೆ ಊರು ಬಂತೆಂದು ಮೊದಲು ತಿಳಿಸುತ್ತಿದ್ದುದು ಒಂದು ಹುಡೆ, ಎಂದರೆ ಕಾವಲಿನ ಬುರುಜು. ಕೆಳಗೆ ಕಲ್ಲು, ಮೇಲೆ ಮಣ್ಣು, ನೆತ್ತಿಯ ಮೇಲೆ ಜೋಳದ ಕಣಕಿಯ ಬಣಿವೆ. ದುಂಡಗೆ, ತುಸು ವಾಲಿಕೊಂಡು, ಉಂಡು ಗೋಡೆಗೆ ಒರಗಿದ ಗೌಡನ ಹಾಗೆ ಅದು ನಿಂತಿತ್ತು. ಅದಕ್ಕೆ ಬೆನ್ನು ಹಚ್ಚಿ ಕಟ್ಟಿದ ಮನೆ ಹಾವಗೆಪ್ಪನದು. ಮನೆ ಹುಡೆಗೆ ಒರಗಿದೆಯೋ, ಹುಡೆ ಮನೆಗೆ ಒರಗಿದೆಯೋ ಎಂದು ಯಾರೂ ಪರೀಕ್ಷೆ ಮಾಡಿರಲಿಲ್ಲ. ಮಾಡಹೋದರೆ ಎರಡೂ ಬಿದ್ದಾವೆಂಬ ಅಂಜಿಕೆ ಇತ್ತು.

ಇದು ನಿಜಾಮ ಸರಕಾರದ ಕಾಲದ ಮಾತು. ಬೀದರಿಗೆ ಇನ್ನೂ ರೈಲು ಬಂದಿರಲಿಲ್ಲ. ಬಸರವಾಡಿಗಂತೂ ಮಳೆಗಾಲದಲ್ಲಿ ಗಾಡಿ ಕೂಡ ಬರುತ್ತಿರಲಿಲ್ಲ. ಎರೆಮಣ್ಣು ಗಾಲಿಯನ್ನು ಅಳಿಯನಂತೆ ಹಿಡಿದು ಕೂಡಿಸಿಕೊಳ್ಳುತ್ತಿತ್ತು.

ಹಾವಗೆಪ್ಪ ಐವತ್ತು ದಾಟಿದ ಒಕ್ಕಲಿಗ. ಕೊರಳಲ್ಲಿ ಲಿಂಗದ ಕರಡಿಗೆ, ತಲೆಗೆ ಬಿಳಿ ರುಮಾಲು, ಬಾಯಿಗೆ ಮಾತ್ರ ಕಟ್ಟಿಲ್ಲ. ಹೊಲದಲ್ಲಿ ಅವನು ಎಲ್ಲರಂತೆ ಜೋಳ, ತೊಗರಿ ಬೆಳೆಯುತ್ತಿದ್ದ. ಎಲ್ಲರಿಗಿಂತ ಹೆಚ್ಚಾಗಿ ಬೆಳೆಯುತ್ತಿದ್ದುದು ಕಥೆ. ಹೊತ್ತು ಇಳಿದ ಮೇಲೆ ಅವನ ಮನೆಯ ಮುಂದಿನ ಕಟ್ಟೆಯ ಮೇಲೆ ನಾಲ್ಕು ಜನ ಕೂಡಿದರೆ ಸಾಕು, ಹುಡೆಯ ಚರಿತ್ರೆ ಶುರುವಾಗುತ್ತಿತ್ತು. ಬೀದರದ ಸುಲ್ತಾನ ಬೇಟೆಗೆ ಬಂದು ದಾರಿ ತಪ್ಪಿದನಂತೆ. ಬಾಯಾರಿ ಇದೇ ಜಾಗದಲ್ಲಿ ಬಿದ್ದನಂತೆ. ಹಾವಗೆಪ್ಪನ ಹಿರಿಯರು ಒಂದು ತಂಬಿಗೆ ಅಂಬಲಿ ಕುಡಿಸಿ ಜೀವ ಉಳಿಸಿದರಂತೆ. ಆ ಉಪಕಾರಕ್ಕೆ ಸುಲ್ತಾನ ಈ ಹುಡೆ ಕಟ್ಟಿಸಿದನಂತೆ. ಯಾವ ಸುಲ್ತಾನ ಎಂದು ಯಾರಾದರೂ ಕೇಳಿದರೆ ಹಾವಗೆಪ್ಪ, "ದೊಡ್ಡಾಂವ" ಎನ್ನುತ್ತಿದ್ದ. ಆ ಉತ್ತರದ ಮುಂದೆ ಇನ್ನೊಂದು ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಮೊದಮೊದಲು ಕಥೆಯಲ್ಲಿ ಕುದುರೆ ಇತ್ತು. ಒಂದು ವರ್ಷ ಫಸಲು ಚೆನ್ನಾಗಿ ಬಂತು, ಕುದುರೆ ಆನೆಯಾಯಿತು. ಹುಡೆ ಯಾಕೆ ವಾಲಿದೆ ಎಂದು ಡಾಬಕಾದಿಂದ ಬಂದ ಬೀಗರೊಬ್ಬರು ಕೇಳಿದ ಸಂಜೆ, ಅದೇ ಆನೆ ಹುಡೆಗೆ ಮೈ ತಿಕ್ಕಿತು. ಹೀಗೆ ಕಥೆ ಯಾರಿಗೂ ಹೊರೆಯಾಗದಂತೆ ಬೆಳೆಯಿತು. ಅವನ ಹೆಂಡತಿ ಕಸ್ತೂರಿಬಾಯಿ ಒಳಗೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಆನೆ ಬಂದಾಗಲೆಲ್ಲ ರೊಟ್ಟಿಯ ಸಪ್ಪಳ ಜೋರಾಗುತ್ತಿತ್ತು.

ಆಕೆಗೆ ನಿಜ ಗೊತ್ತಿತ್ತು, ಅತ್ತೆ ಹೇಳಿಹೋಗಿದ್ದಳು. ಹುಡೆ ಕಟ್ಟಿಸಿದವನು ಹಾವಗೆಪ್ಪನ ಸ್ವಂತ ಮುತ್ಯಾ, ಅಪ್ಪನ ಅಪ್ಪ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ವರ್ಷ ತಮ್ಮನ ಎತ್ತುಗಳು ಬದು ದಾಟಿ ಅಣ್ಣನ ಜೋಳಕ್ಕೆ ನುಗ್ಗತೊಡಗಿದವು. ಕೇಳಿದರೆ ತಮ್ಮ, ನನ್ನ ಎತ್ತು ಅಲ್ಲ ಎನ್ನುತ್ತಿದ್ದ. ಮುತ್ಯಾ ಸಿಟ್ಟಿಗೆದ್ದು, ಮನೆಯಲ್ಲೇ ಕುಳಿತು ತಮ್ಮನ ಎತ್ತು ಕಾಯಲೆಂದು ಗೌಂಡಿಯನ್ನು ಕರೆಸಿ ಈ ಹುಡೆ ಎಬ್ಬಿಸಿದ. ಸುಲ್ತಾನನೂ ಇಲ್ಲ, ಆನೆಯೂ ಇಲ್ಲ. ವಾಲಿದ್ದು ಗೌಂಡಿಯ ಕೈಚಳಕ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ಹುಡೆ ಎಂದು ಹೇಳಿಕೊಳ್ಳಲು ಹಾವಗೆಪ್ಪನಿಗೆ ನಾಚಿಕೆ. ಆ ತಮ್ಮನ ಮೊಮ್ಮಗ ಶಿವರಾಜಪ್ಪ ಈಗಲೂ ಪಕ್ಕದ ಹೊಲದವನು. ಅವನ ಮನೆಯಲ್ಲೂ ಈ ನಿಜ ಗೊತ್ತಿತ್ತು, ಅವರೂ ಅದನ್ನು ಎತ್ತುತ್ತಿರಲಿಲ್ಲ. ಹೀಗಾಗಿ ಸುಲ್ತಾನ ಎರಡು ಮನೆಗಳ ಮಾನ ಕಾಯುತ್ತಾ ಆರಾಮವಾಗಿದ್ದ.

ಈ ಸುಲ್ತಾನನಿಗೆ ಕೇಡು ಬಂದದ್ದು ಪಾಟೀಲ ವೈಜಿನಾಥನಿಂದ. ಪಾಟೀಲನಿಗೆ ಊರಿಗೆ ಮಳೆಗಾಲದಲ್ಲೂ ಗಾಡಿ ಓಡುವಂಥ ಸಡಕು ತರಿಸಬೇಕೆಂಬ ಹಟ. ಔರಾದದ ತಹಸೀಲಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದ್ದ. ಹೈದರಾಬಾದಿನಲ್ಲಿ ಹಳೆ ಇಮಾರತು ಕಾಯುವ ಖಾತೆಯೊಂದು ಇದೆ, ಅವರು ಹಿಡಿದ ಇಮಾರತಿಗೆ ಸಾಹೇಬರು ಬಂದುಹೋಗಲು ಸಡಕು ಆಗಲೇಬೇಕು ಎಂದು ತಹಸೀಲಿನಲ್ಲಿ ಯಾರೋ ಅವನ ಕಿವಿಗೆ ಹಾಕಿದರು. ಪಾಟೀಲ ಅಲ್ಲೇ ನಿಂತು ಹಾವಗೆಪ್ಪನ ಕಥೆಯನ್ನು ಅಂಬಲಿಯಿಂದ ಆನೆಯವರೆಗೆ ಬರೆಸಿ ಕೊಟ್ಟು ಬಂದ.

ಹೈದರಾಬಾದಿನಿಂದ ಸಾಹೇಬರೊಬ್ಬರು ಹುಡೆ ನೋಡಲು ಬರುತ್ತಾರೆಂಬ ಸುದ್ದಿ ಕೇಳಿ ಹಾವಗೆಪ್ಪ ಹಿಗ್ಗಿಹೋದ. ತನ್ನ ಮಾತು ಹೈದರಾಬಾದು ಮುಟ್ಟಿತೆಂದು ಹೊಸ ರುಮಾಲು ತಂದ. ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಾ ಕಥೆ ಕೇಳುತ್ತಿದ್ದ ಮುದುಕಿ ಇಮಾಮಬೀಗೆ, ಸಾಹೇಬರ ಮುಂದೆ ಹೇಗೆ ನಿಲ್ಲಬೇಕೆಂದು ತೋರಿಸಿಕೊಟ್ಟ. ಶಿವರಾಜಪ್ಪನೂ ಹಿಗ್ಗಿದ. ಇಮಾರತಿಗೆ ಒಬ್ಬ ಚೌಕಿದಾರನನ್ನು ನೇಮಿಸುತ್ತಾರೆ, ಎದೆಗೆ ಹಿತ್ತಾಳೆಯ ಬಿಲ್ಲೆ ಸಿಗುತ್ತದೆ ಎಂದು ಅವನಿಗೆ ತಿಳಿದಿತ್ತು. ಅಂದಿನಿಂದಲೇ ಎದೆ ಮುಂದೆ ಮಾಡಿ ನಡೆಯತೊಡಗಿದ.

ಸಾಹೇಬರಿಗಿಂತ ಮುಂಚೆ ತಹಸೀಲಿನ ಚಪರಾಸಿ ಕರೀಮ ಸಾಬ ಬಂದ. ಹಾವಗೆಪ್ಪ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಹಸಿ ಕಡಲೆ ಸುಟ್ಟು ಕೊಟ್ಟು, ಮುಂದೇನಾಗುತ್ತದೆ ಎಂದು ವಿಚಾರಿಸಿದ. ಕರೀಮ ಸಾಬ ಕಡಲೆ ಸುಲಿಯುತ್ತಲೇ ಹೇಳಿದ:

"ನಸೀಬ ತೆಗೀತು ನಿಂದು, ಹಾವಗೆಪ್ಪಾ. ಸರಕಾರದ ಹೆಸರು ಬರದ ತಖ್ತಿ ಬರ್ತದ, ಸುತ್ತ ತಂತಿಬೇಲಿ ಬರ್ತದ. ಇಮಾರತಿಗಿ ಹಚ್ಚಿ ಕಟ್ಟಿದ ಮನಿ ಅಷ್ಟ ತೆಗೀತಾರ."

ಹಾವಗೆಪ್ಪ ಮೊದಲು ನಕ್ಕ. ಕರೀಮ ಸಾಬ ನಗಲಿಲ್ಲ. ಹಾವಗೆಪ್ಪ ಹಿಂದೆ ತಿರುಗಿ ನೋಡಿದ. ತನ್ನ ಮನೆಯನ್ನು ಬಿಟ್ಟರೆ ಹುಡೆಗೆ ಹಚ್ಚಿ ಕಟ್ಟಿದ ಮನೆ ಬೇರೊಂದು ಇರಲಿಲ್ಲ.

ಒಳಗಿನಿಂದ ರೊಟ್ಟಿಯ ಸಪ್ಪಳ ನಿಂತಿತು. ಕಸ್ತೂರಿಬಾಯಿ ಬಾಗಿಲಿಗೆ ಬಂದು ನಿಂತಳು.

"ಸುಲ್ತಾನಗ ಅಂಬಲಿ ಕುಡಿಸಿದ್ರಿ. ಕುದ್ರಿ ಸಾಲಲ್ದ ಆನಿ ತರಿಸಿದ್ರಿ. ಈಗ ಅದೇ ಆನಿ ನಮ್ಮ ಮನಿ ತುಳೀಲಾಕ ಬರ್ಲಾಕತ್ತದ ನೋಡ್ರಿ."

ಹಾವಗೆಪ್ಪ ಅಂದೇ ಪಾಟೀಲನ ಮನೆಗೆ ಓಡಿದ. ಹುಡೆಯ ಕಥೆ ಸುಳ್ಳು, ಕಟ್ಟಿಸಿದ್ದು ನನ್ನ ಮುತ್ಯಾ, ಸಾಹೇಬರನ್ನು ಬರಬೇಡಿರೆಂದು ತಿಳಿಸಿ ಎಂದು ಬೇಡಿಕೊಂಡ. ಪಾಟೀಲ ಎಲೆಯಡಿಕೆ ಅಗಿಯುತ್ತಾ ಶಾಂತವಾಗಿ ಕೇಳಿ, ಕೊನೆಗೆ ತಲೆಯಾಡಿಸಿದ.

"ಇಷ್ಟ ವರ್ಷ ಖರೇ ಹೇಳಿ, ಈಗ ಮನಿ ಉಳಿಸ್ಕೊಳ್ಳಾಕ ಸುಳ್ಳ ಹೇಳ್ತಿ ಏನು ಹಾವಗೆಪ್ಪಾ? ವಯಸ್ಸಿನಾಂವ ನೀನು. ಶೋಭಿಸಲ್ಲ."

ಹುಣಸೆಮರದ ಹತ್ತಿರ ಬೇರೆ ಜಾಗ ಕೊಡುತ್ತೇನೆ, ಸಡಕು ಬಂದರೆ ನಿನ್ನ ತೊಗರಿಯೇ ಮೊದಲು ಭಾಲ್ಕಿಯ ಪೇಟೆ ಸೇರುತ್ತದೆ ಎಂದೂ ಸಮಾಧಾನ ಹೇಳಿದ. ಹಾವಗೆಪ್ಪ ಊರೆಲ್ಲ ತಿರುಗಿದ. ಎಲ್ಲಿ ಹೋದರೂ ಅದೇ ಉತ್ತರ. ಕೆಲವರು ಅವನ ಕಥೆಯನ್ನೇ ಅವನಿಗೆ ಹೇಳಿ ಧೈರ್ಯ ತುಂಬಿದರು. ಶಿವರಾಜಪ್ಪ ಮಾತ್ರ ಬಾಗಿಲು ಮುಂದೆ ಮಾಡಿಕೊಂಡು, ಸಂದಿಯಿಂದಲೇ, ಹಿರಿಯರ ಹೆಸರು ಕೆಡಿಸಬೇಡ ಎಂದು ಬುದ್ಧಿ ಹೇಳಿದ.

ಸಾಹೇಬರು ಬರುವ ದಿನ ಗೊತ್ತಾದಾಗ ಊರಿಗೆ ಇನ್ನೊಂದು ಪೇಚು ಬಂತು. ಸರಕಾರದ ದಿನಗಳು ಫಸಲಿ ಲೆಕ್ಕದವು. ಅಮಾವಾಸ್ಯೆ, ಹುಣ್ಣಿಮೆ ಅದಕ್ಕೆ ತಿಳಿಯದು. ಸಾಹೇಬರು ಗೊತ್ತು ಮಾಡಿದ ದಿನವೇ ಎಳ್ಳಮಾವಾಸ್ಯೆ. ನಮ್ಮ ಸೀಮೆಯಲ್ಲಿ ಅಂದು ಊರಲ್ಲಿ ನಾಯಿಯೂ ಇರುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಕಣಕಿಯ ಗೂಡಿನಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿ, ಎಡೆಯ ಅಡುಗೆಯನ್ನು ಬೆಳೆಗೆ ಚರಗವಾಗಿ ಚೆಲ್ಲಿ, ಹೊಟ್ಟೆ ಬಿರಿಯುವಂತೆ ಉಣ್ಣುತ್ತಾರೆ. ಆ ದಾರಿಯಲ್ಲಿ ಯಾರು ಹಾದುಹೋದರೂ, ಹಿಂದೂ ಇರಲಿ ಮುಸಲ್ಮಾನ ಇರಲಿ, ಹಗೆಯವನೇ ಇರಲಿ, ಕೈ ಹಿಡಿದು ಕೂಡಿಸಿ ಉಣ್ಣಿಸದೆ ಬಿಟ್ಟರೆ ಆ ಹೊಲಕ್ಕೆ ಬರಕತ್ತಿಲ್ಲ.

ಹಾವಗೆಪ್ಪನ ತಲೆಯಲ್ಲಿ ಬೆಳಕು ಮೂಡಿದ್ದು ಇದರಿಂದಲೇ. ಉಂಡ ಮನುಷ್ಯ ಹುಡೆ ಹತ್ತುವುದಿಲ್ಲ. ಅವನು ತಾನೇ ಮುಂದಾಗಿ, ಸಾಹೇಬರಿಗೆ ದಾರಿ ತೋರಿಸುವ ಕೆಲಸ ನನ್ನದು ಎಂದು ಪಾಟೀಲನಿಗೆ ಹೇಳಿದ. ಮನಸ್ಸು ತಿಳಿಯಾಯಿತೆಂದು ಪಾಟೀಲ ಖುಷಿಪಟ್ಟ.

ಶರಫೋದ್ದೀನ ಸಾಹೇಬರು ಕಪ್ಪು ಶೇರವಾನಿ ತೊಟ್ಟು, ಕರೀಮ ಸಾಬನೊಂದಿಗೆ ಟಾಂಗಾದಲ್ಲಿ ಬಂದರು. ತೆಳ್ಳಗಿನ, ಮರ್ಯಾದಸ್ಥ ಮನುಷ್ಯ. ಕವಲುದಾರಿಯಿಂದ ಹುಡೆಗೆ ನೆಟ್ಟಗೆ ಬಂದರೆ ಒಂದು ಬೀಡಿ ಸೇದುವಷ್ಟು ಹೊತ್ತು. ಹಾವಗೆಪ್ಪ ಅವರನ್ನು ಬದುಗಳ ಮೇಲೆ, ಹಳ್ಳದ ಆಚೆ, ಮತ್ತೆ ಈಚೆ, ಊರಿನ ಒಂದೂ ಹೊಲ ತಪ್ಪದಂತೆ ಕರೆದುಕೊಂಡು ಬಂದ. ಮೊದಲ ಹೊಲದಲ್ಲಿ ಸಜ್ಜೆರೊಟ್ಟಿ, ಹಸಿ ಕಾಳು ಮತ್ತು ಸೊಪ್ಪು ಕೂಡಿ ಕುದಿಸಿದ ಭಜ್ಜಿ. ಸಾಹೇಬರು ರುಚಿ ಮೆಚ್ಚಿ ಎರಡು ಸಲ ಹಾಕಿಸಿಕೊಂಡರು. ಅದು ಒಂದೇ ಊಟವೆಂದು ತಿಳಿದಿದ್ದರು. ಎರಡನೆಯ ಹೊಲದಲ್ಲಿ ಶೇಂಗಾದ ಹೋಳಿಗೆ. ಮೂರನೆಯದರಲ್ಲಿ ಮತ್ತೆ ಭಜ್ಜಿ. ಬೇಡ ಎಂದು ಕೈ ಅಡ್ಡ ಹಿಡಿದರೆ, ಹೊಲದ ಒಡತಿ ಮುಖ ಸಣ್ಣ ಮಾಡಿ, ನಮ್ಮ ಹೊಲ ಏನು ಪಾಪ ಮಾಡಿತ್ತೆಂದು ಕೇಳುತ್ತಿದ್ದಳು. ಸಾಹೇಬರ ಶೇರವಾನಿಯ ಗುಂಡಿಗಳು ಮೇಲಿನಿಂದ ಒಂದೊಂದಾಗಿ ಬಿಚ್ಚಿಕೊಂಡವು. ಕೊನೆಗೆ ಹಾವಗೆಪ್ಪನ ಹೊಲ. ಕಸ್ತೂರಿಬಾಯಿ ಗಡಿಗೆಯಲ್ಲಿ ಹುಳಿ ಬಂದ ತಣ್ಣನೆಯ ಅಂಬಲಿ ಇಟ್ಟಿದ್ದಳು. ಅಂಥ ಅಂಬಲಿ ಕುಡಿದವನಿಗೆ ನೆಲ ಕಂಡರೆ ಹಾಸಿಗೆ ಕಂಡಂತಾಗುತ್ತದೆ. ಸಾಹೇಬರು ಎರಡು ಬಟ್ಟಲು ಕುಡಿದು, ಬೇವಿನ ನೆರಳಿನಲ್ಲಿ ಐದೇ ನಿಮಿಷ ಎಂದು ಒರಗಿದರು. ಕರೀಮ ಸಾಬ ಅದನ್ನೂ ಹೇಳದೆ ಒರಗಿದ.

ಹಾವಗೆಪ್ಪ ಬಿಸಿಲು ನೋಡುತ್ತಾ ಕುಳಿತ. ನೆರಳು ಉದ್ದವಾಗುತ್ತಿತ್ತು. ಸಾಹೇಬರು ಎಚ್ಚರವಾಗುವಷ್ಟರಲ್ಲಿ ಹೊತ್ತು ಇಳಿದು, ಔರಾದದ ದಾರಿ ಹಿಡಿಯಲೇಬೇಕಾಗುತ್ತದೆ. ಅವನು ಮೈಮೇಲಿನ ಹೊದಿಕೆಯನ್ನೇ ತೆಗೆದು ಸಾಹೇಬರ ಮುಖಕ್ಕೆ ಬಿಸಿಲು ಬೀಳದಂತೆ ಮರೆ ಹಿಡಿದ. ಆಗ ಬದುವಿನ ಆಚೆಯಿಂದ ಶಿವರಾಜಪ್ಪ ಬಂದ. ತುಂಬಾ ಹೊತ್ತು ಕಾದು, ಬಿಲ್ಲೆ ಕೈತಪ್ಪುತ್ತಿರುವುದನ್ನು ತಾಳಲಾರದೆ, ಎತ್ತುಗಳನ್ನು ಬಿಟ್ಟಲ್ಲೇ ಬಿಟ್ಟು ಬಂದಿದ್ದ. ಸಾಹೇಬರ ತಲೆಯ ಹತ್ತಿರ ನಿಂತು, ಕ್ಷಯದವನೂ ನಾಚುವಂತೆ ಕೆಮ್ಮಿದ. ಸಾಹೇಬರು ಎದ್ದು ಕುಳಿತರು, ಕಣ್ಣು ಒರೆಸಿಕೊಂಡರು, ಹುಡೆ ಎಲ್ಲಿ ಎಂದರು.

ಹುಡೆಯ ಬುಡದಲ್ಲಿ ಅರ್ಧ ಊರು ಕೂಡಿತು. ಸಾಹೇಬರು ಕಲ್ಲು ಮುಟ್ಟಿ ನೋಡಿದರು, ಮಣ್ಣು ಕೆರೆದು ನೋಡಿದರು. ಇಂಥ ಹುಡೆಗಳು ಈ ಸೀಮೆಯಲ್ಲಿ ಬಹಳ, ಕೆಲವು ಹಳೆಯವು, ಕೆಲವು ಅಲ್ಲ. ಊರವರ ಬಾಯಿಂದ ಕೇಳಬೇಕು ಎಂದರು. ಅವರು ಉರ್ದುವಿನಲ್ಲಿ ಕೇಳುವುದು, ಕರೀಮ ಸಾಬ ಕನ್ನಡದಲ್ಲಿ ಹೇಳುವುದು, ಹೀಗೆ ಸಾಗಿತು. ಊರವರು ಒಬ್ಬರ ಹಿಂದೆ ಒಬ್ಬರು ಸಾಕ್ಷಿ ನುಡಿದರು. ಸುಲ್ತಾನ ಬಿದ್ದ ಜಾಗ ತೋರಿಸಿದರು. ಆನೆ ಮೈ ತಿಕ್ಕಿದ ಗುರುತನ್ನೂ ತೋರಿಸಿದರು. ಇಮಾಮಬೀ ಮುಂದೆ ಬಂದು, ಸುಲ್ತಾನನ ಬೇಗಮ್ಮಳೂ ಬಂದಿದ್ದಳು, ಚಳಿಗೆ ನಮ್ಮ ಮನೆಯ ಕೌದಿ ಹೊದ್ದಿದ್ದಳು ಎಂದಳು. ಬೇಗಮ್ಮಳನ್ನು ಹಾವಗೆಪ್ಪ ಎಂದೂ ಹೇಳಿರಲಿಲ್ಲ. ಒಂದು ಗಳಿಗೆ ಅವನು ಮನೆಯ ಚಿಂತೆ ಮರೆತು, ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಹಳಹಳಿಸಿದ. ಅಷ್ಟರಲ್ಲಿ ಸಾಹೇಬರ ಪೆನ್ಸಿಲು ಓಡುತ್ತಿರುವುದು ಕಂಡಿತು. ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದು ಮುಂದೆ ಬಂದ.

"ಸಾಹೇಬ್ರಿ, ಇವರು ಹೇಳಿದ್ದೆಲ್ಲ ನಾನೇ ಹೇಳಿದ್ದು. ನಾ ಹೇಳಿದ್ದೆಲ್ಲ ಸುಳ್ಳ. ಈ ಹುಡೇ ನಮ್ಮ ಮುತ್ಯಾ ಕಟ್ಟಿಸ್ಯಾನ್ರಿ."

ಜನ ನಕ್ಕರು. ಪಾಟೀಲನು ಸಾಹೇಬರ ಕಿವಿಯ ಹತ್ತಿರ ಬಾಗಿ, ಪಾಪ, ಮನೆ ಹೋಗುತ್ತದೆಂದು ಹೀಗೆ ಆಡುತ್ತಿದ್ದಾನೆ ಎಂದ. ಸಾಹೇಬರು ಕರುಣೆಯಿಂದಲೇ ಕೇಳಿದರು: ಒಕ್ಕಲಿಗನೊಬ್ಬ ಇಷ್ಟು ಕಲ್ಲು ಹೊತ್ತು ಹುಡೆ ಯಾಕೆ ಕಟ್ಟಿಸಿಯಾನು? ಯಾರ ಭಯಕ್ಕೆ?

ಇನ್ನು ಹಾವಗೆಪ್ಪನೇ ಮುತ್ಯಾನ ಸಣ್ಣತನವನ್ನು ಊರ ಮುಂದೆ, ಪರಸ್ಥಳದವರ ಮುಂದೆ ಬಿಚ್ಚಬೇಕು. ಗುಂಪಿನ ಹಿಂದೆ ಕಸ್ತೂರಿಬಾಯಿ ನಿಂತಿದ್ದಳು. ಆಕೆ ಅವನನ್ನು ನೋಡಲಿಲ್ಲ. ಮನೆಯ ಬಾಗಿಲನ್ನು ನೋಡುತ್ತಿದ್ದಳು.

"ತಮ್ಮನ ಎತ್ತಿಗಿ ಅಂಜಿ ಕಟ್ಟಿಸಿದ್ರಿ," ಎಂದ ಹಾವಗೆಪ್ಪ, ಶಿವರಾಜಪ್ಪನ ಕಡೆ ಕೈ ಮಾಡಿ. "ಇವರ ಮುತ್ಯಾನ ಎತ್ತು ನಮ್ಮ ಜೋಳ ಮೇಯ್ತಿದ್ವು. ಕಾಯಲಾಕ ಕಟ್ಟಿಸಿದ್ರಿ. ಇಷ್ಟೇ."

ಶಿವರಾಜಪ್ಪ ಕೆಂಪಗಾದ.

"ನಮ್ಮ ಮುತ್ಯಾನ ಎತ್ತು ಒಬ್ಬರ ಹೊಲಕ್ಕ ಕಾಲ ಇಟ್ಟಿಲ್ರಿ ಸಾಹೇಬ್ರ. ನಮ್ಮ ಮನಿತನದಾಗ ಮಂದಿಗಿ ಅಷ್ಟೇ ಅಲ್ಲ, ಎತ್ತಿಗೂ ಮರ್ಯಾದಿ ಅದ."

ಹಾವಗೆಪ್ಪನಿಗೆ ಬೇರೆ ಸಾಕ್ಷಿ ಇರಲಿಲ್ಲ. ಮೇಲೆ ಹತ್ತಿ ನೋಡಿರಿ, ಇಡೀ ಹುಡೆಗೆ ಇರುವುದು ಒಂದೇ ಕಂಡಿ, ಅದು ಯಾವ ಕಡೆಗಿದೆ ನೋಡಿರಿ ಎಂದ. ಮುಂಜಾನೆಯಿಂದ ಯಾರನ್ನು ಹತ್ತಗೊಡಬಾರದೆಂದು ಉಣ್ಣಿಸುತ್ತಾ ಬಂದಿದ್ದನೋ, ಅವರನ್ನೇ ಈಗ ಹತ್ತಿರೆಂದು ಕೈಮುಗಿಯಬೇಕಾಯಿತು. ಒಳಗಿನ ಮೆಟ್ಟಿಲು ಇಕ್ಕಟ್ಟು. ಸಾಹೇಬರು ಬೆಳಿಗ್ಗೆ ಬಂದಾಗ ಸಲೀಸಾಗಿ ಹಿಡಿಸುತ್ತಿದ್ದರು, ಈಗ ಹಿಡಿಸಲಿಲ್ಲ. ಕರೀಮ ಸಾಬ ಮೇಲಿನಿಂದ ಎಳೆದ, ಹಾವಗೆಪ್ಪ ಕೆಳಗಿನಿಂದ ಹೆಗಲು ಕೊಟ್ಟ. ಪ್ರತಿ ಮೆಟ್ಟಿಲಿಗೂ ಸಾಹೇಬರು ಒಂದೊಂದು ಹೊಲದ ಊಟವನ್ನು ನೆನೆದು ನಿಟ್ಟುಸಿರು ಬಿಟ್ಟರು. ಮೇಲೆ ಹೋಗಿ ಕಣಕಿಯ ಸೂಡು ಸರಿಸಿದರು. ಬೀದರದ ಕಡೆ ಮೊಂಡುಗೋಡೆ. ಔರಾದದ ಕಡೆ ಮೊಂಡುಗೋಡೆ. ಒಂದೇ ಒಂದು ಕಂಡಿ, ಮನುಷ್ಯನ ಕಣ್ಣಿನ ಎತ್ತರಕ್ಕೆ, ಶಿವರಾಜಪ್ಪನ ಹೊಲದ ಬದುವಿಗೆ ಗುರಿಯಿಟ್ಟಂತೆ ಇತ್ತು. ಸಾಹೇಬರು ಅದಕ್ಕೆ ಕಣ್ಣು ಹಚ್ಚಿದರು. ಹಚ್ಚಿದವರು ತೆಗೆಯಲಿಲ್ಲ.

"ಯೇ ಕಿಸ್ಕಾ ಬೈಲ್ ಹೈ?" ಎಂದರು ಮೇಲಿನಿಂದಲೇ.

ಯಾರ ಎತ್ತು ಎಂಬುದನ್ನು ಕರೀಮ ಸಾಬ ಕನ್ನಡಕ್ಕೆ ತಿರುಗಿಸುವ ಮೊದಲೇ ಊರವರು ಹುಡೆಯ ಪಕ್ಕಕ್ಕೆ ಸರಿದು ನೋಡಿದ್ದರು. ಶಿವರಾಜಪ್ಪನ ಬಿಳಿ ಎತ್ತು ಬದು ದಾಟಿ, ಹಾವಗೆಪ್ಪನ ಹಸಿರು ಜೋಳದಲ್ಲಿ ಹೊಟ್ಟೆಮಟ್ಟ ನಿಂತು, ಎಳೆ ತೆನೆ ಮುರಿಯುತ್ತಿತ್ತು. ಎಳ್ಳಮಾವಾಸ್ಯೆಯ ಊಟ ಅದಕ್ಕೂ ಸಲ್ಲಬೇಕೆಂಬಂತೆ ಯಾವ ಅವಸರವೂ ಇಲ್ಲದೆ ಮೇಯುತ್ತಿತ್ತು. ಶಿವರಾಜಪ್ಪ ಹೌಹಾರಿ ಎತ್ತನ್ನು ಹೊಡೆಯಲು ಓಡಿದ. ಹಾವಗೆಪ್ಪ ಮೆಟ್ಟಿಲಿನಿಂದ ಜಾರಿಕೊಂಡೇ ಇಳಿದು ಬಂದು, ಅವನ ನಡುವಿಗೆ ಎರಡೂ ಕೈ ಹಾಕಿ ತಬ್ಬಿ ಹಿಡಿದ.

"ಹೊಡೀಬ್ಯಾಡೋ ತಮ್ಮಾ, ಮೇಯಲಿ ಬಿಡು. ಸಾಹೇಬ್ರು ಬರಕೊಳ್ಳಾತನ ಮೇಯಲಿ."

ತನ್ನ ಬೆಳೆ ಹಾಳಾಗುವುದನ್ನು ಅಷ್ಟು ಸಂತೋಷದಿಂದ ನೋಡಿದ ಒಕ್ಕಲಿಗ ಅವನೊಬ್ಬನೇ ಇರಬೇಕು. ಎತ್ತು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೊರಳಿದಾಗ ಅವನ ಮುಖ ಇನ್ನೂ ಅರಳಿತು. ಕಡೆಗೆ ಕಸ್ತೂರಿಬಾಯಿಯೇ ಸೀರೆಯ ನೆರಿಗೆ ಎತ್ತಿ ಕಟ್ಟಿ, ಕೋಲು ಹಿಡಿದು ಹೋಗಿ ಎತ್ತನ್ನು ಹೊರಗೆ ಹಾಕಿದಳು. ಬರುವಾಗ ಇಬ್ಬರು ಗಂಡಸರನ್ನೂ ಅದೇ ಕೋಲಿನಿಂದ ನೋಡಿದಳು.

ಸಾಹೇಬರು ಕೆಳಗಿಳಿದು, ಮೈ ಕೊಡವಿಕೊಂಡು, ಉರ್ದುವಿನಲ್ಲಿ ಏನೋ ಹೇಳಿ ನಕ್ಕರು. ಕರೀಮ ಸಾಬ ಕನ್ನಡದಲ್ಲಿ ಹೇಳಿದ:

"ಸುಲ್ತಾನಗ ನಾಕೂ ದಿಕ್ಕಿಗಿ ದುಶ್ಮನ್ ಇರ್ತಾರಂತ. ಒಂದೇ ದಿಕ್ಕಿಗಿ ಕಣ್ಣ ಇಟ್ಟಾಂವ ಅಣ್ಣತಮ್ಮಂದಿರ ಕೂಡ ಹೊಲ ಹಂಚಕೊಂಡಾಂವನೇ ಅಂತ ಸಾಹೇಬ್ರು ಹೇಳ್ಯಾರ."

ಹಳೆ ಇಮಾರತು ಅಲ್ಲ ಎಂದು ಬರೆದುಕೊಂಡು ಸಾಹೇಬರು ಟಾಂಗಾ ಹತ್ತಿದರು. ಹೋಗುವಾಗ ನೆಟ್ಟಗಿನ ದಾರಿಯನ್ನೇ ತೋರಿಸೆಂದು ಹಾವಗೆಪ್ಪನಿಗೆ ಬಿಗಿಯಾಗಿ ಹೇಳಿದರು.

ಮನೆ ಉಳಿಯಿತು. ಊರು ಮಾತ್ರ ಮುನಿಯಿತು. ಪಾಟೀಲ ಎದುರಿಗೆ ಬಂದರೆ ಸಡಕು ಇಲ್ಲದ ಕಡೆಯೂ ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಶಿವರಾಜಪ್ಪನದಂತೂ ಬಿಲ್ಲೆಯೂ ಹೋಗಿತ್ತು, ಎತ್ತಿನ ಮರ್ಯಾದೆಯೂ ಹೋಗಿತ್ತು. ಅವನ ಎತ್ತು ಎಲ್ಲಿ ಕಂಡರೂ ಜನ ಕೈಮುಗಿದು ದಾರಿ ಬಿಡುತ್ತಿದ್ದರು. ಅವನು ಕೇರಿಗೆ ಬರುವುದನ್ನೇ ಬಿಟ್ಟ. ಹಾವಗೆಪ್ಪ ಕಟ್ಟೆಯ ಮೇಲೆ ಒಬ್ಬನೇ ಕುಳಿತಿರುತ್ತಿದ್ದ. ಕೇಳಿದವರಿಗೆ ನಿಜ ಹೇಳುತ್ತಿದ್ದ. ನಿಜ ಬಹಳ ಚಿಕ್ಕದು, ಕುಳಿತವರು ಕಾಲು ಮಡಚುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಯುಗಾದಿ ಕಳೆದ ಮೇಲೆ ಶಿವರಾಜಪ್ಪನ ಮನೆಗೆ ಕಮಲನಗರದಿಂದ ಸೊಸೆ ಬಂದಳು. ಅವಳೂ ಅವಳ ತಂದೆತಾಯಿಯ ಕಡೆಯವರೂ ಗಾಡಿ ಬಿಟ್ಟು, ಊರು ನೋಡುತ್ತಾ ಹುಡೆಯ ಹತ್ತಿರ ನಿಂತರು. ಜೊತೆಗೆ ಮನೆಯ ಯಜಮಾನನಾಗಿ ಶಿವರಾಜಪ್ಪನೂ ಬರಬೇಕಾಗಿತ್ತು. ಬಂದಿದ್ದ, ನೆಲ ನೋಡುತ್ತಾ ನಿಂತಿದ್ದ. ಬೀಗರಲ್ಲಿ ಹಿರಿಯನೊಬ್ಬ ಕಟ್ಟೆಯ ಮೇಲಿದ್ದ ಹಾವಗೆಪ್ಪನನ್ನು, ಇದನ್ನು ಕಟ್ಟಿಸಿದವರು ಯಾರು ಎಂದು ಕೇಳಿದ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಕಾಣಿಸಿಕೊಂಡರು. ಒಳಗೆ ರೊಟ್ಟಿ ಬಡಿಯುವುದು ನಿಂತಿತು.

ಹಾವಗೆಪ್ಪ ಬೀಗರನ್ನು ನೋಡಿದ. ಹೊಸ ಸೊಸೆಯ ಸೆರಗು ಮುಚ್ಚಿದ ಮುಖವನ್ನು ನೋಡಿದ. ಬಾಗಿದ ಶಿವರಾಜಪ್ಪನ ತಲೆಯನ್ನು ನೋಡಿದ. ಎತ್ತಿನ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ಈಗ ಊರೆಲ್ಲ ನಂಬುವ ಮಾತೆಂದರೆ ಅದೊಂದೇ.

"ನಮ್ಮ ಮುತ್ಯಾ, ಇವರ ಮುತ್ಯಾ, ಇಬ್ಬರೂ ಅಣ್ಣತಮ್ಮಂದಿರು ಕೂಡಿ ಕಟ್ಟಿಸ್ಯಾರ್ರಿ," ಎಂದ. "ಭಾಳ ಪ್ರೀತಿ ಇತ್ತ್ರಿ ಅವರಿಗಿ. ಹೊಲ ಹಂಚಕೊಂಡ ಮ್ಯಾಗೂ ಒಬ್ಬರ ಮಾರಿ ಒಬ್ಬರು ನೋಡಲ್ದ ಇರ್ತಿದ್ದಿಲ್ಲ. ಅದಕ್ಕೇ ಈ ಕಂಡಿ ಬಿಟ್ಟಾರ ನೋಡ್ರಿ."

ಬೀಗರು ತಲೆದೂಗಿದರು. ಬಾಗಿಲುಗಳಲ್ಲಿ ನಿಂತವರು ಒಬ್ಬರೂ ಬಾಯಿ ಬಿಡಲಿಲ್ಲ. ಶಿವರಾಜಪ್ಪ ನಿಧಾನವಾಗಿ ತಲೆ ಎತ್ತಿದ, ಹುಡೆಯನ್ನು ಬುಡದಿಂದ ನೆತ್ತಿಯವರೆಗೆ ಹೊಸದಾಗಿ ನೋಡಿದ, ಎದೆ ಸ್ವಲ್ಪ ಮುಂದೆ ಮಾಡಿದ.

"ಕಲ್ಲು ಎಲ್ಲಾ ನಮ್ಮ ಮುತ್ಯಾ ಕೊಟ್ಟದ್ರಿ," ಎಂದ. "ಇವರದು ಬರೇ ಮಣ್ಣು."

ಹಾವಗೆಪ್ಪನ ಬಾಯಿ ತೆರೆಯಿತು. ಅವನು ಅದನ್ನು ಮುಚ್ಚಿದ. ಬೀಗರ ಕಾಲಿಗೆ ನೀರು ತರುವಂತೆ ಒಳಗೆ ಕೂಗಿ ಹೇಳಿ, ಕಟ್ಟೆಯ ಮೇಲೆ ಶಿವರಾಜಪ್ಪನಿಗೆ ಜಾಗ ಬಿಟ್ಟು ಸರಿದು ಕುಳಿತ.